ಪಟ್ಟಿ ಬಿಚ್ಚಿದ ಕೈ

ಸಹನಾ, ಗಿರೀಶ — ನಿಮ್ಮ ಮುತ್ತಜ್ಜಿಯ ಗದ್ದದ ಪಟ್ಟಿಯನ್ನು ಬಿಚ್ಚಿದವಳು ನಾನು. ಅವರಲ್ಲ. ನಿಮ್ಮ ಅಪ್ಪ "ನಮ್ಮಜ್ಜಿ ಎಂಥ ಹಟಮಾರಿ ಅಂದ್ರೆ" ಎಂದು ಶುರುಮಾಡಿ ಎಲ್ಲರನ್ನೂ ನಗಿಸುವ ಆ ಕಥೆ ಸುಳ್ಳು. ಅದನ್ನು ಕೇಳಿ ಪ್ರತಿಸಲ ನಾನೂ ನಕ್ಕಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾವು ಭಟ್ಕಳದ ಹತ್ತಿರ ಹೆಬಳೆಯಲ್ಲಿದ್ದೆವು. ಸಸಿ ನೆಡುವಾಗ ನನ್ನ ಅತ್ತೆ ನಟ್ಟಿಯ ಹಾಡು ಎತ್ತಿದರೆ ಆಚೆ ಗದ್ದೆಯವರೂ ದನಿಗೂಡಿಸುತ್ತಿದ್ದರು. ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದ ಕೆನ್ನೆಯೊಳಗೆ ಹುಣ್ಣಾಗಿ, ಅದು ಕ್ಯಾನ್ಸರ್ ಎಂದು ತಿಳಿದು, ಮಂಗಳೂರಿನಲ್ಲಿ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ನರ್ಸಮ್ಮ ನನ್ನನ್ನೇ ಕರೆದು ತೋರಿಸಿದರು — ಕೆನ್ನೆಯ ಮೇಲೆ ಹತ್ತಿಯ ದಪ್ಪ ಮೆತ್ತೆ, ಗದ್ದದ ಕೆಳಗಿನಿಂದ ನೆತ್ತಿಯವರೆಗೆ ಬಿಗಿಯಾದ ಪಟ್ಟಿ. ಸಡಿಲಾದರೆ ಬಾಯಿಗೆ ಬರಬೇಕಾದ ಜೊಲ್ಲು ಚರ್ಮದಡಿ ನಿಂತು, ಹೊಲಿಗೆ ಬಿಟ್ಟು, ಕೆನ್ನೆಯಿಂದಲೇ ಸೋರುತ್ತದೆ. ಹುಳಿ ಬೇಡ, ಅಗಿಯುವುದು ಬೇಡ, ತೆಳ್ಳಗಿನ ಗಂಜಿ ಸಾಕು. ನನಗೆ ಎಲ್ಲವೂ ಅರ್ಥವಾಗಿತ್ತು.

ಅತ್ತೆಯನ್ನು ನೋಡಲು ಜನ ಬರತೊಡಗಿದರು. ನಮ್ಮಲ್ಲಿ ಹಾಗೆ ಗದ್ದಕ್ಕೆ ಬಟ್ಟೆ ಕಟ್ಟುವುದು — ನಿಮಗೆ ಗೊತ್ತಿರಲಿಕ್ಕಿಲ್ಲ — ಹೆಣಕ್ಕೆ. ಬಾಯಿ ತೆರೆಯದಿರಲೆಂದು. ನೆರೆಮನೆಯ ದೇವಮ್ಮ ಹೊಸಿಲಲ್ಲೇ ನಿಂತುಬಿಟ್ಟಳು.

"ಎಂತದೇ ಇದು! ಉಸಿರಿದ್ದವ್ರಿಗೇ ಗದ್ದ ಕಟ್ಟಿ ಕೂರ್ಸಿದ್ಯಲ್ಲೆ! ಬಸ್ರಿ ನೀನು, ದಿನಾ ಈ ಮುಖ ನೋಡೂದಾ?"

ನಿಮ್ಮ ಅಪ್ಪ ಆಗ ನನ್ನ ಹೊಟ್ಟೆಯಲ್ಲಿದ್ದ.

ಅವಳು ಹೋದ ಮೇಲೆ ಪಟ್ಟಿಯ ಗಂಟಿಗೆ ಕೈ ಹಾಕಿದೆ. ಅತ್ತೆ ಬೇಡವೆಂದು ತಲೆಯಾಡಿಸಿದರು. "ಒಂದ್ ಗಳಿಗೆ ಅತ್ತೆ, ಮತ್ತೆ ಕಟ್ತೇನೆ" ಎಂದೆ. ಕಟ್ಟಲಿಲ್ಲ. ಅಂದೂ — ಮರುದಿನವೂ. ನೆತ್ತಿಯವರೆಗೆ ತೋಳೆತ್ತಿ ತಾವೇ ಪಟ್ಟಿ ಸುತ್ತಿಕೊಳ್ಳುವ ತ್ರಾಣ ಅವರಿಗೆ ಇನ್ನೂ ಬಂದಿರಲಿಲ್ಲ. ಅವರು ಪಟ್ಟಿಯತ್ತ ನೋಡಿದಾಗಲೆಲ್ಲ ನಾನು ಒಲೆಯ ನೆಪ ಹೇಳಿ ಒಳಗೆ ಹೋದೆ.

ಕೆನ್ನೆ ಊದಿತು. ನಿಮ್ಮ ಅಜ್ಜ ಗಾಬರಿಯಾಗಿ ನಮ್ಮಿಬ್ಬರನ್ನೂ ಕರೆದುಕೊಂಡು, ಲಾಂಚಿನಲ್ಲಿ ಶರಾವತಿ ದಾಟಿ, ಹೊನ್ನಾವರದ ಡಾಕ್ಟರ ಬಳಿ ಹೋದರು. ಸೂಜಿಯಿಂದ ನೀರು ಎಳೆಯುತ್ತ ಡಾಕ್ಟರು ಕೇಳಿದರು, "ಪಟ್ಟಿ ಬಿಚ್ಚಿದ್ಯಾರು?"

ನಾನು ನೆಲ ನೋಡಿದೆ. ಅತ್ತೆ ತಮ್ಮ ಎದೆ ತಟ್ಟಿಕೊಂಡು, ತೊದಲುತ್ತ, "ನಾನೇ. ಸೆಕೆ" ಎಂದರು.

"ಎಂಥ ಹಟ ಅಮ್ಮ ನಿಮ್ದು!"

ನಿಮ್ಮ ಅಜ್ಜನೂ ಬೈದರು. ಆಗ ಒಂದೇ ಮಾತು ಸಾಕಿತ್ತು — ನನ್ನಿಂದ ಅದೂ...

ವಾಪಸು ಬರುವಾಗ, ಅಜ್ಜ ಲಾಂಚಿನ ಆಚೆ ತುದಿಯಲ್ಲಿದ್ದಾಗ, ಅತ್ತೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: "ಬಸ್ರಿ ಹೆಣ್ಣಿಗೆ ಬೈಸೂದು ಎಂತಕ್ಕೆ? ಆತು, ಬಿಡು."

ತ್ರಾಣ ಬಂದ ಮೇಲೆ ಅವರೇ ಕನ್ನಡಿ ಮುಂದೆ ಕುಳಿತು ಮೆತ್ತೆ ಇಟ್ಟುಕೊಂಡು ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ದೇವಮ್ಮ ಮತ್ತೆ ಬಂದಾಗ, ಗಂಜಿ ಗುಟುಕರಿಸುತ್ತ, ಹಲ್ಲಿನ ಸಂದಿಯಿಂದಲೇ, "ಹೆಣ ಗಂಜಿ ಉಂಬೂದ್ ಕಂಡಿದ್ಯೇನೆ? ಕೂತ್ಕೋ, ಕಾಣು!" ಎಂದರು. ಅಂಥ ನೋವಿನಲ್ಲೂ ಅವರಿಗೆ ನಗಿಸಲು ಬರುತ್ತಿತ್ತು.

ಗಾಯ ಮಾಗಿತು. ಹೊಲಿಗೆ ಬಿಟ್ಟಲ್ಲಿ ಕೆನ್ನೆಗೆ ಬಿದ್ದ ಸಣ್ಣ ತೂತು ಮಾತ್ರ ಪೂರ್ತಿ ಮುಚ್ಚಲಿಲ್ಲ. ಉಣ್ಣುವಾಗ ಅಲ್ಲಿಂದ ಹನಿ ಜಾರುತ್ತಿತ್ತು. ಮದುವೆಮನೆಯ ಪಂಕ್ತಿಯಲ್ಲಿ ಕೂರುವುದನ್ನು ಬಿಟ್ಟರು. ಹಾಡನ್ನು ಬಿಡಲಿಲ್ಲ — ಕೆನ್ನೆಗೆ ಅಂಗೈ ಒತ್ತಿ ಹಿಡಿದು ಹಾಡುತ್ತಿದ್ದರು, ಮಾತು ಅಸ್ಪಷ್ಟ, ದನಿ ಮಾತ್ರ ಮೊದಲಿನದೇ. "ಎಲ್ಲಾ ನಿನ್ನ ಹಟದಿಂದ್ಲೇ" ಎಂದು ಯಾರಾದರೂ ಅಂದರೆ ಹೌದೆಂದು ತಲೆಯಾಡಿಸುವರು. ಆಗ ಅಪ್ಪಿತಪ್ಪಿಯೂ ನನ್ನ ಕಡೆ ನೋಡುತ್ತಿರಲಿಲ್ಲ. ಅಷ್ಟು ದೊಡ್ಡ ಮನಸ್ಸನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಬಸುರಿಯಾಗಿದ್ದೆ, ಹೆದರಿದ್ದೆ — ನಿಜ. ಆದರೆ ಅವರು ಬದುಕಿದ್ದಷ್ಟು ವರ್ಷ, ನಿಮ್ಮ ಅಜ್ಜ ಬದುಕಿದ್ದಷ್ಟು ವರ್ಷ, ಸುಮ್ಮನಿದ್ದುದಕ್ಕೆ ಅದು ಉತ್ತರವಲ್ಲ.

ಈ ಭಾನುವಾರ ಎಲ್ಲರೂ ಸೇರಿದಾಗ ಇದನ್ನು ನಿಮ್ಮ ಅಪ್ಪನೆದುರು ನಾನೇ ಓದುತ್ತೇನೆ. ದನಿ ನಿಂತುಹೋದರೆ ಅಲ್ಲಿಂದ ಮುಂದೆ ನೀವು ಓದಿ. ಆಮೇಲೆ ಈ ಹಾಳೆಗಳನ್ನು ಜೋಪಾನವಾಗಿ ಇಡಿ, ಮಕ್ಕಳೇ.