ಸತ್ತು ಎದ್ದು ಹಾಡಿದವಳು

ಅಮ್ಮನಿಗೆ ಸನ್ಮಾನ ಮಾಡುತ್ತೇವೆಂದು ಎಸ್ಟೇಟ್ ಮನೆಯಿಂದ ಫೋನ್ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಸಾಹುಕಾರರ ಮೊಮ್ಮಗಳ ಮದುವೆಯಂತೆ, ಮೂಡಿಗೆರೆಯಲ್ಲಿ ದೊಡ್ಡ ಕಲ್ಯಾಣ ಮಂಟಪವಂತೆ, ಹಳೇ ಕಾಲದ ಕಲಾವಿದೆಯೊಬ್ಬರು ವೇದಿಕೆಯ ಮೇಲಿದ್ದರೆ ವಿಡಿಯೋಗೆ ಚೆನ್ನಾಗಿರುತ್ತದಂತೆ. "ಅಜ್ಜಿಗೆ ಹಳೇ ಜರಿ ಸೀರೆ ಉಡಿಸ್ಕೊಂಡು ಬನ್ನಿ ಆಂಟಿ, ಬೇಕಾದ್ರೆ ಜೀಪ್ ಕಳಿಸ್ತೀವಿ" ಎಂದಳು ಮದುಮಗಳು. ಹಾಳಾಗಿ ಹೋಗಲಿ ಎಂದುಕೊಂಡು ಫೋನ್ ಇಟ್ಟೆ.

ಅಮ್ಮ ಕಂಪನಿ ನಾಟಕದ ನಾಯಕಿಯಾಗಿದ್ದವಳು. ಕಾಫಿ ಕೊಯ್ಲು ಮುಗಿದು ಜನರ ಕೈಯಲ್ಲಿ ಕಾಸು ಓಡಾಡುವ ಹೊತ್ತಿಗೆ ಕಂಪನಿ ಮೂಡಿಗೆರೆಗೆ ಬರುತ್ತಿತ್ತು. ಕೊನೆಯ ದೃಶ್ಯದಲ್ಲಿ ಅಮ್ಮ ವಿಷ ಕುಡಿದು, ಹಾಡುತ್ತ ಹಾಡುತ್ತ ಸಾಯಬೇಕು. ಮುಂದಿನ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತ ಸಾಹುಕಾರರು "ಒನ್ಸ್ ಮೋರ್!" ಎಂದು ಕೂಗಿದರೆ ಸತ್ತವಳು ಎದ್ದು, ಸೆರಗು ಸರಿಮಾಡಿಕೊಂಡು, ಮತ್ತೆ ಹಾಡಿ ಮತ್ತೆ ಸಾಯಬೇಕು. ಅದು ಕಂಪನಿಯ ಕಟ್ಟಳೆ. ಆಗದು ಅಂದರೆ ಮರುದಿನ ಕುರ್ಚಿಗಳು ಖಾಲಿ.

ಆ ಸಾಹುಕಾರರ ತೋಟದ ರೈಟರನ್ನೇ ಮದುವೆಯಾಗಿ ಅಮ್ಮ ಇಲ್ಲೇ ಉಳಿದಳು. ಆಳುಗಳ ಹಾಜರಿ ಬರೆದುಕೊಂಡಿದ್ದ ನನ್ನಪ್ಪ ಸಾಧು ಮನುಷ್ಯ. ಅವನು ತಾಳಿ ಕಟ್ಟಿದರೂ ಊರಿಗೆ ಅಮ್ಮ ನಾಟಕದವಳೇ. ಎಸ್ಟೇಟ್ ಮನೆಯಲ್ಲಿ ಮದುವೆ ಬಂತೆಂದರೆ ಸಾಹುಕಾರರ ಹೆಂಡತಿ ಹೇಳಿಕಳಿಸುತ್ತಿದ್ದರು. ಅಂಥ ಕಂಠ ಇನ್ನಾರಿಗೂ ಇರಲಿಲ್ಲವಲ್ಲ! ಮದುಮಕ್ಕಳನ್ನು ಹಸೆಗೆ ಕರೆಯುವ ಹಾಡು ಅಮ್ಮನದು. ಕೂರುವ ಜಾಗ ಮಾತ್ರ ಬಾಗಿಲಿನಾಚೆ. ಹಾಡು ಮುಗಿದು ಆರತಿಯ ಹೊತ್ತಾದರೆ ತಟ್ಟೆ ಮುತ್ತೈದೆಯರ ಕೈಯಿಂದ ಕೈಗೆ ಹೋಗಿ, ಅಮ್ಮನ ಹತ್ತಿರ ಬರುವ ಮುಂಚೆ ಒಳಮನೆ ಸೇರುತ್ತಿತ್ತು. "ನೀನು ಹಾಡಿದ್ಯಲ್ಲೇ, ಅಷ್ಟು ಸಾಕು ಬಿಡು" ಎನ್ನುತ್ತಿದ್ದರು ಆಯಮ್ಮ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಅಪ್ಪ ಇದ್ದಾಗ ನಾಟಕದವಳೆಂಬ ನೆವವಿತ್ತು. ಅಪ್ಪ ಹೋದ ಮೇಲೆ ಗಂಡ ಸತ್ತವಳೆಂಬ ಇನ್ನೊಂದು ನೆವ ಸಿಕ್ಕಿತು.

ಆ ತಟ್ಟೆಯನ್ನು ಒಂದು ಸಲ ಹಿಡಿಯಬೇಕೆಂಬುದು ಅಮ್ಮನ ಆಸೆ. ಬೇರೇನನ್ನೂ ಅವಳು ಈ ಊರಿನಿಂದ ಕೇಳಿದವಳಲ್ಲ.

"ಹೋಗೋಣ ಕಣೇ. ಈ ಸಲ ಕೊಟ್ರೂ ಕೊಟ್ಟಾರು" ಎಂದಳು.

"ಕೊಡ್ತಾರೆ, ನಿನ್ನ ತಿಥಿಗೆ" ಎಂದೆ. ಆದರೂ ಕರೆದುಕೊಂಡು ಹೋದೆ.

ಮಂಟಪದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಗಂಡಸರು ಒಬ್ಬರಾದ ಮೇಲೊಬ್ಬರು ಮಾತಾಡಿದರು. ಅಮ್ಮನನ್ನು ಹೊಸ್ತಿಲು ದಾಟಲು ಬಿಡದವರೆಲ್ಲ ನಮ್ಮೂರ ಹೆಮ್ಮೆ ಎಂದರು. ನಾಚಿಕೆಗೆಟ್ಟವರು. ಆಮೇಲೆ ಅಮ್ಮ ಹಸೆಯ ಹಾಡು ಎತ್ತಿಕೊಂಡಳು. ದನಿ ನಡುಗುತ್ತಿತ್ತು, ಶ್ರುತಿ ಮಾತ್ರ ತಪ್ಪಲಿಲ್ಲ. ಮದುಮಕ್ಕಳು ಬಂದು ಹಸೆಯ ಮೇಲೆ ಕೂತರು. ಆರತಿ ತಟ್ಟೆ ಹೊರಟಿತು. ಆಯಮ್ಮ ಎತ್ತಿದರು, ಸೊಸೆ ಎತ್ತಿದಳು, ಸೊಸೆಯ ತಂಗಿ ಎತ್ತಿದಳು. ತಟ್ಟೆ ಅಮ್ಮನ ಮುಂದೆಯೇ ಹಾದು ಆಯಮ್ಮನ ಕೈಗೆ ವಾಪಸು ಬಂತು. ಅಮ್ಮ ಕೈ ಚಾಚಿದ್ದು ನನಗೆ ಕಂಡಿತು, ಆಯಮ್ಮನಿಗೂ ಕಂಡಿತು.

"ಒನ್ಸ್ ಮೋರ್!" ಎಂದು ಮುಂದಿನ ಸಾಲಿನಿಂದ ಮುದಿ ಸಾಹುಕಾರರು ಕೂಗಿದರು. ಸಭೆಯೆಲ್ಲ ನಕ್ಕಿತು.

ಅಮ್ಮ ಎದ್ದು ಮೈಕು ಹಿಡಿದಳು. "ಆವಾಗ ನೀವು ಕೂಗಿದ್ರೆ ಸತ್ತೋಳು ಎದ್ದು ಹಾಡ್ತಿದ್ದೆ ಸಾಹುಕಾರ್ರೇ. ಈಗ ಬದುಕಿದ್ದೀನಿ. ಮೊದ್ಲು ಆ ಆರತಿ ತಟ್ಟೆ ನನ್ನ ಕೈಗೆ ಕೊಡ್ಸಿ, ಆಮೇಲೆ ಹಾಡ್ತೀನಿ."

ನಾನು ಆಯಮ್ಮನ ಮುಖವನ್ನೇ ನೋಡುತ್ತಿದ್ದೆ. ಅವರು ತಟ್ಟೆಯನ್ನು ಸೊಸೆಗೆ ಕೊಟ್ಟು, ಒಳಗಿಡು ಎಂದು ಕಣ್ಣಲ್ಲೇ ಹೇಳಿದರು. ಅಷ್ಟರಲ್ಲಿ ಹಿಂದಿನಿಂದ ಯಾರೋ "ಎಂಥಾ ಡೈಲಾಗ್ ಮಾರಾಯ!" ಎಂದ. ಚಪ್ಪಾಳೆ ಬಿತ್ತು, ಸಿಳ್ಳೆ ಬಿತ್ತು, ಮೊಬೈಲುಗಳು ಮೇಲೆದ್ದವು. ಅಮ್ಮ ನಾಟಕದ ಮಾತೇ ಆಡಿದಳೆಂದು ತಿಳಿದು ಇಡೀ ಮಂಟಪ ಕೂಗತೊಡಗಿತು: "ಒನ್ಸ್ ಮೋರ್! ಒನ್ಸ್ ಮೋರ್!"

ಅಮ್ಮ ಮೈಕನ್ನು ಕುರ್ಚಿಯ ಮೇಲಿಟ್ಟು ನನ್ನ ಕೈ ಹಿಡಿದಳು. ನಾವು ಮೆಟ್ಟಿಲಿಳಿದು ಬಾಗಿಲು ದಾಟುವವರೆಗೂ ಕೂಗು ನಿಲ್ಲಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳು ಒನ್ಸ್ ಮೋರ್ ಕೊಡದೆ ಹೊರಟಳು.