ಮೊಂಡು ಮೀಸೆಯ ಹತ್ತು ಸಿಪಾಯಿಗಳು

ಹತ್ತೂ ಮಣ್ಣಿನ ಸಿಪಾಯಿಗಳಿಗೆ ಎಡಗಡೆಯ ಮೀಸೆ ಮೊಂಡಾಗಿತ್ತು. ಒಂದೇ ಅಚ್ಚಿನಲ್ಲಿ ಮೂಡಿದವರು. ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ಅಪ್ಪ ಹನುಮಂತನಗರದ ಗುಡ್ಡದ ಕೆಳಗೆ ಅವರನ್ನು ಕೊಂಡು, ಜಯನಗರದ ನಮ್ಮ ಮನೆಯ ದಸರಾ ಗೊಂಬೆಗಳ ಜೊತೆ ಕೂರಿಸಲು ತಂದಿದ್ದರು.

ಆಗಷ್ಟೇ ಯುದ್ಧ ನಿಂತಿತ್ತು. ಭಾವ ಸೈನ್ಯದಲ್ಲಿದ್ದರು. ಒಂದು ತಿಂಗಳಿಂದ ಅವರ ಕಾಗದವಿರಲಿಲ್ಲ. ಪೋಸ್ಟ್‌ಮ್ಯಾನ್ ಸೈಕಲ್ಲಿನ ಬೆಲ್ ಕೇಳಿದರೆ ಸಾಕು, ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಗೇಟಿಗೆ ಹೋಗುತ್ತಿದ್ದಳು.

ನಾನು ಐವರು ಸಿಪಾಯಿಗಳ ಟೋಪಿಗೆ ಅಪ್ಪನ ಕೆಂಪು ಇಂಕು ಬಳಿದು ಶತ್ರುಗಳನ್ನಾಗಿ ಮಾಡಿದೆ. ತಟ್ಟೆಯಲ್ಲಿ ಮೊಳೆಸಿದ ರಾಗಿ ಪೈರೇ ರಣರಂಗ. ಒಂದು ಪದ್ಯವನ್ನೂ ಕಟ್ಟಿದ್ದೆ. ಒಂದೊಂದು ಸಾಲಿಗೆ ಒಬ್ಬೊಬ್ಬ ಶತ್ರುವನ್ನು ಬೆರಳಿಂದ ಬೀಳಿಸಬೇಕು. ವಿಜಯದಶಮಿಯ ಸಂಜೆ ಎಲ್ಲರ ಮುಂದೆ ಅದನ್ನು ಹೇಳುವ ಆಸೆ.

ಆ ಸಂಜೆ ಪೈರಿಗೆ ನೀರು ಚಿಮುಕಿಸಲು ಹೋಗಿ ಚೊಂಬನ್ನೇ ಬಗ್ಗಿಸಿಬಿಟ್ಟೆ. ಕೆಸರಾಯಿತೆಂದು ಸಿಪಾಯಿಗಳನ್ನೆಲ್ಲ ಎತ್ತಿ ಲಂಗದಲ್ಲಿ ಒರೆಸಿ, ಅವಸರದಲ್ಲಿ ಮತ್ತೆ ನಿಲ್ಲಿಸಿದೆ. ಅಷ್ಟರಲ್ಲಿ ಜನ ಬಂದು ಕೂತಿದ್ದರು. ಮೊದಲ ಸಾಲು ಹೇಳಿ ಬೆರಳು ಚಾಚಿದವಳು ಹಾಗೇ ನಿಂತೆ.

“ಬೀಳ್ಸೇ ಪುಟ್ಟಿ, ನಿಮ್ ಸೈನ್ಯಕ್ಕೆ ಕಾಫಿಗೆ ಹೊತ್ತಾಯ್ತಾ?” ಎಂದರು ಎದುರುಮನೆ ಅಜ್ಜಿ.

“ಇಂಕು ಹೋಗ್ಬಿಟ್ಟಿದೆ ಅಜ್ಜಿ. ನಮ್ಮೋರು ಯಾರು ಅಂತ ಗೊತ್ತಾಗ್ತಿಲ್ಲ.”

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಒಬ್ಬ ಸಿಪಾಯಿಯನ್ನು ಎತ್ತಿಕೊಂಡು, ಅವನ ಕೆನ್ನೆಯಲ್ಲಿ ಉಳಿದಿದ್ದ ಕೆಸರನ್ನು ಸೆರಗಿನಿಂದ ಒರೆಸಿದಳು.

“ಇವ್ನ ಮನೇಲೂ ಯಾರೋ ಪೋಸ್ಟ್‌ಮ್ಯಾನ್‌ನ ಕಾಯ್ತಿರ್ತಾರೆ ಕಣೇ. ಬೀಳಿಸ್ಬೇಡ.”

ಅವನನ್ನು ಮತ್ತೆ ಪೈರಿನ ನಡುವೆ ನಿಲ್ಲಿಸಿದಳು. ನಾನು ಬೆರಳನ್ನು ಹಿಂದಕ್ಕೆ ತೆಗೆದೆ. ಕಟ್ಟಿದ್ದ ಪದ್ಯ ಬಿಟ್ಟು, ಆಗ ತೋಚಿದ ಎರಡೇ ಸಾಲು ಹೇಳಿದೆ:

ಬೇಗ ಬನ್ನಿ ಸಿಪಾಯಿಗಳೇ, ಬಾಗಿಲು ತೆರೆದಿದೆ
ಎರಡೂ ಕಡೆಯ ಮನೆಗಳಲ್ಲಿ ಅನ್ನ ಬೆಂದಿದೆ

ಅಕ್ಕ ನನ್ನ ಜಡೆಯನ್ನು ನೇವರಿಸಿದಳು.

ಮಕ್ಕಳೇ, ನಿಮ್ಮ ಫೋನಿನ ಆಟದಲ್ಲಿ ಶತ್ರುವಿನ ತಲೆಯ ಮೇಲೆ ಒಂದು ಕೆಂಪು ಗುರುತು ಇರುತ್ತದೆ. ಅದು ಎಷ್ಟು ನೀರು ಸುರಿದರೂ ಹೋಗುವುದಿಲ್ಲ. ನಮ್ಮದು ಒಂದು ಚೊಂಬು ನೀರಿಗೆ ಹೋಯಿತು. ಭಾವನ ಕಾಗದ ದೀಪಾವಳಿಗೆ ಮುಂಚೆ ಬಂತು. ಆದರೆ ಅದು ಬರುತ್ತದೆಂದು ಆ ಸಂಜೆ ನಮಗೆ ಗೊತ್ತಿರಲಿಲ್ಲ.

ವಿಜಯದಶಮಿಯ ಮರುದಿನ ಬೆಳಿಗ್ಗೆ ಗೊಂಬೆಗಳನ್ನು ಎತ್ತಿಡುವಾಗ, ಶತ್ರುಗಳಿಗೆಂದು ತೆಗೆದಿಟ್ಟಿದ್ದ ಬೇರೆ ಡಬ್ಬಿಯನ್ನು ಅಮ್ಮನಿಗೆ ವಾಪಸ್ ಕೊಟ್ಟೆ. ಹತ್ತೂ ಜನರನ್ನು ಅಪ್ಪನ ಹಳೆಯ ಪಂಚೆಯ ಒಂದೇ ತುಂಡಿನಲ್ಲಿ, ಒಬ್ಬರಿಗೊಬ್ಬರು ತಾಗಿ ಮುಕ್ಕಾಗದಂತೆ ನಡುವೆ ಹತ್ತಿಯಿಟ್ಟು, ಮಲಗಿಸಿದೆ.