ಅಣ್ಣ ಹಿಡಿದ ಕೊನೆಯ ಹುಳ

ಕೀಟಗಳಲ್ಲಿ ಯಾವ ಕುಲ ಯಾವ ಕುಲಕ್ಕೆ ಹತ್ತಿರದ ನೆಂಟ ಎಂದು ಡಿಎನ್‌ಎ ಹೋಲಿಸಿ ಪತ್ತೆ ಮಾಡುವುದು ನನ್ನ ಕೆಲಸ. ಕೊಪ್ಪದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ ಅಣ್ಣನಿಗೆ ಇದೊಂದು ತಮಾಷೆ. "ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ನಮ್ಮ ನೆಂಟರ ಮನೆಗೇ ಹೋಗಕ್ಕೆ ಪುರುಸೊತ್ತಿಲ್ಲ, ನಿಂಗೆ ಹುಳದ ನೆಂಟಸ್ತಿಕೆ ಯಾಕೆ ಮಾರಾಯ್ತಿ?" ಎನ್ನುತ್ತಿದ್ದ. ಹಾಗಂದರೂ ಅಂಗಡಿಯ ಟ್ಯೂಬ್‌ಲೈಟಿಗೆ ಬಂದ ಹುಳಗಳನ್ನೆಲ್ಲ ನಾನು ಕೊಟ್ಟ ಸ್ಪಿರಿಟ್ ಸೀಸೆಗೆ ಹಾಕಿಡುತ್ತಿದ್ದ.

ಅವನು ಹೃದಯಾಘಾತದಿಂದ ತೀರಿಕೊಂಡ ಮೇಲೆ, ಅಂಥದೊಂದು ಸೀಸೆಯಲ್ಲಿ ನಾನು ವರ್ಷಗಟ್ಟಲೆ ಹುಡುಕುತ್ತಿದ್ದ ಹುಳ ಸಿಕ್ಕಿತು. ಇರುವೆಯಷ್ಟು ಪುಟ್ಟದು. ಬೆಳೆಯುವುದು ಬೇರೆ ಕೀಟದ ಹೊಟ್ಟೆಯೊಳಗೆ. ಹೊರಬಂದ ಗಂಡು ಬದುಕುವುದು ಕೆಲವೇ ಗಂಟೆ. ರೆಕ್ಕೆ ನೋಡಿದವರು ಇದನ್ನು ನೊಣದ ನೆಂಟ ಎಂದಿದ್ದರು. ಡಿಎನ್‌ಎ ನೋಡಿದವರು, ಅಲ್ಲ, ಗಟ್ಟಿ ಚಿಪ್ಪಿನ ದುಂಬಿಯ ನೆಂಟ ಎಂದರು. ನಮ್ಮ ಸೀಮೆಯದು ಏನು ಹೇಳುತ್ತದೋ ನೋಡಬೇಕಿತ್ತು.

ಅಷ್ಟು ಸಣ್ಣದರ ಡಿಎನ್‌ಎ ತೆಗೆಯಲು ನಾನು ಇಡೀ ಹುಳವನ್ನೇ ಅರೆಯಬೇಕು. ಇದ್ದದ್ದು ಒಂದೇ, ಅದೂ ಅಣ್ಣ ಹಿಡಿದದ್ದರಲ್ಲಿ ಕೊನೆಯದು. ಅತ್ತಿಗೆಯನ್ನು ಕೇಳಿದೆ.

"ಅರೆದುಬಿಡು. ಅವ್ರು ಹಿಡಿದದ್ದು ಅದಕ್ಕೇ ಅಲ್ವಾ? ಯಾವ ಮನೆಯದು ಅಂತ ಗೊತ್ತಾದ್ರೆ ನಂಗೂ ಹೇಳು" ಎಂದರು.

ಅರೆದೆ. ಅವನು ಹೋದಾಗಿನಿಂದ ನನಗೆ ಏನೂ ಅನ್ನಿಸುತ್ತಲೇ ಇರಲಿಲ್ಲ.

ಫಲಿತಾಂಶ ಬಂತು: ಜೇನುನೊಣ! ನೊಣದ ಕಡೆಯೂ ಅಲ್ಲ, ದುಂಬಿಯ ಕಡೆಯೂ ಅಲ್ಲ, ಅಪ್ಪಟ ತುಡುವೆ ಜೇನು. ಏನೋ ಬೆರಕೆಯಾಗಿದೆ ಎಂದು ತಿಳಿಯಿತು, ಎಲ್ಲಿ ಎಂದು ತಿಳಿಯಲಿಲ್ಲ. ಕೊಪ್ಪಕ್ಕೆ ಹೋದಾಗ ಅಡುಗೆಮನೆಯಲ್ಲಿದ್ದ ಅತ್ತಿಗೆಯ ಬಳಿ ವಿಚಾರಿಸಿದೆ.

"ಅಯ್ಯೋ, ಅವ್ರು ಅದನ್ನ ಹಿಡಿದಾಗ ಸ್ಪಿರಿಟ್ ಖಾಲಿಯಾಗಿತ್ತಲ್ಲ! ಜೇನುತುಪ್ಪದಲ್ಲಿ ಇಟ್ಟದ್ದು ಎಷ್ಟು ವರ್ಷ ಆದ್ರೂ ಕೆಡಲ್ಲ ಅಂತ ಅದ್ರಲ್ಲೇ ಮುಳುಗಿಸಿಟ್ಟಿದ್ರು. ನೀನು ಹೊಸ ಸ್ಪಿರಿಟ್ ಕಳಿಸಿದ ಮೇಲೆ ತೊಳೆದು ಅದಕ್ಕೆ ಹಾಕಿದ್ರು. ನಿಂಗೆ ಅಂಟಂಟಾಗಬಾರದು ಅಂತ."

ಜೇನುತುಪ್ಪದಲ್ಲಿ ಜೇನುನೊಣದ ಡಿಎನ್‌ಎ ಇರುತ್ತದೆ. ಹುಳದ್ದಕ್ಕಿಂತ ಅದೇ ಹೆಚ್ಚು ಅಂಟಿಕೊಂಡಿತ್ತು. ಇನ್ನೊಮ್ಮೆ ಪರೀಕ್ಷಿಸೋಣವೆಂದರೆ ಹುಳವೇ ಉಳಿದಿರಲಿಲ್ಲ. ಅತ್ತಿಗೆಗೆ ಅದನ್ನೂ ಹೇಳಿದೆ.

"ಅದಕ್ಕೆಂತ? ಇನ್ನೊಂದು ಹಿಡಿದ್ರಾಯ್ತಪ್ಪ" ಎಂದರು.

"ಯಾರು ಹಿಡೀತಾರೆ ಅತ್ತಿಗೆ?"

ಅವರು ಗ್ಯಾಸ್ ಆರಿಸಿ ಅಲ್ಲೇ ನೆಲದ ಮೇಲೆ ಕೂತು ಅತ್ತರು. ನಾನು ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದೆ. ನನಗೆ ಅಳು ಬರಲಿಲ್ಲ.